ಲೇಸರ್ ಆಮೇಲೆ, ಮೊದಲು ಪರೀಕ್ಷೆ ಮಾಡಿ ಸ್ವಾಮಿ

ಅರಸೀಕೆರೆ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ ಕಡೆಗೆ ಒಂದು ಸಲ ನಡೆದುಕೊಂಡು ಹೋಗಿ. ಕರೆಂಟ್ ಕಂಬ, ಶೌಚಾಲಯದ ಗೋಡೆ, ಆಟೊ ಹಿಂಭಾಗ, ಎಲ್ಲಾದರೂ ಒಂದು ಕಡೆ ಈ ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಮೂಲವ್ಯಾಧಿ, ಫಿಶರ್, ಫಿಸ್ತುಲಾ. ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಶಾಶ್ವತ ಪರಿಹಾರ’. ಕೆಳಗೆ ಒಂದು ಮೊಬೈಲ್ ನಂಬರ್. ಡಾಕ್ಟರ್ ಹೆಸರಿಲ್ಲ, ಅವರು ಓದಿದ್ದೇನು ಎಂದಿಲ್ಲ, ಆಸ್ಪತ್ರೆಯ ನೋಂದಣಿ ಸಂಖ್ಯೆ ಇಲ್ಲ. ಇದೇ ಮಾತು ಸ್ವಲ್ಪ ಬಟ್ಟೆ ಬದಲಿಸಿಕೊಂಡು ದೊಡ್ಡ ಫ್ಲೆಕ್ಸ್ ಮೇಲೂ ಇರುತ್ತದೆ. ಅಲ್ಲಿ ‘ಆಪರೇಷನ್ ಇಲ್ಲದೆ’ ಅನ್ನುವ ಜಾಗದಲ್ಲಿ ‘ಲೇಸರ್’ ಅಂತ ಇರುತ್ತದೆ, ಅಷ್ಟೇ.

ಈ ಒಂದು ಸಾಲಿನಲ್ಲಿ ಮೂರು ಸುಳ್ಳುಗಳಿವೆ. ಇವತ್ತು ನಾವು ಬರೆಯುತ್ತಿರುವುದು ಆ ಮೂರು ಸುಳ್ಳಿನ ಮೇಲೆ, ಮತ್ತು ಅವನ್ನು ಹರಡಿದವರ ಮೇಲೆ. ಹರಡಿದವರಲ್ಲಿ ನಾವೂ ಇದ್ದೇವೆ. ಅದನ್ನು ಕೊನೆಗೆ ಹೇಳುತ್ತೇವೆ, ತಪ್ಪಿಸಿಕೊಳ್ಳುವುದಿಲ್ಲ.

ದೊಡ್ಡಪ್ಪನ ಕತೆ

ನಮ್ಮ ತಂಡದ ಒಬ್ಬರ ದೊಡ್ಡಪ್ಪ ತೋಟಗಳಲ್ಲಿ ಕಾಯಿ ಸುಲಿಯುವ ಕೆಲಸ ಮಾಡುತ್ತಾರೆ. ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ, ಸೊಂಟ ಬಗ್ಗಿಸಿ, ಹೊಟ್ಟೆ ಬಿಗಿಹಿಡಿದು ದಿನವಿಡೀ ಮಾಡುವ ಕೆಲಸ. ಒಂದು ಮದುವೆಯಲ್ಲಿ ಸಿಕ್ಕಾಗ ಊಟದ ಪಂಕ್ತಿಯಲ್ಲಿ ಕೂರದೆ ನಿಂತೇ ಇದ್ದರು.

‘ಯಾಕೆ ದೊಡ್ಡಪ್ಪ, ಕೂತ್ಕಳಿ’ ಅಂದರೆ ‘ಕೂರಕ್ಕಾಗಲ್ಲ ಕಣಪ್ಪ, ಶಾಖ ಜಾಸ್ತಿ ಆಗೈತೆ’ ಅಂದರು.

ಶಾಖ ಅಲ್ಲ. ಎರಡು ವರ್ಷದಿಂದ ರಕ್ತ ಹೋಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ ದೊಡ್ಡಮ್ಮನಿಗೆ ಗೊತ್ತಾಗಿ, ಅವರು ಕೇಳಿ, ಇವರು ರೇಗಿ, ಕಡೆಗೆ ಯಾರಿಗೂ ಹೇಳದೆ ನಂಬರ್ ಇಟ್ಟುಕೊಂಡು ಫೋನ್ ಮಾಡಿದ್ದರು. ಅಂಗಡಿಯೊಂದರ ಮೇಲಿನ ರೂಮಿನಲ್ಲಿ ಒಬ್ಬ ‘ಡಾಕ್ಟ್ರು’ ಹದಿನೆಂಟು ಸಾವಿರ ತೆಗೆದುಕೊಂಡು ಇಂಜೆಕ್ಷನ್ ಕೊಟ್ಟ. ಏನು ಔಷಧಿ ಅಂತ ಚೀಟಿ ಇಲ್ಲ, ಬಿಲ್ ಇಲ್ಲ. ಮೂರನೆಯ ದಿನ ಜ್ವರ ಬಂತು, ಮೂತ್ರ ಕಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ, ಕೊಳೆತ ಭಾಗ ತೆಗೆಸಿಕೊಂಡು, ಬದುಕಿ ಬಂದರು. ಅಷ್ಟರಲ್ಲಿ ಆ ರೂಮಿಗೆ ಬೀಗ ಬಿದ್ದಿತ್ತು, ಆ ನಂಬರ್ ಸ್ವಿಚ್ ಆಫ್ ಆಗಿತ್ತು.

ಮನೆಗೆ ಕಳಿಸುವಾಗ ಸರ್ಜನ್ ಹೇಳಿದ ಮಾತು ನಮಗೆ ಇನ್ನೂ ಚುಚ್ಚುತ್ತದೆ. ‘ಇವರಿಗೆ ಇದ್ದದ್ದು ಎರಡನೇ ಹಂತ. ಮೊದಲೇ ಬಂದಿದ್ದರೆ ಒಂದು ರಬ್ಬರ್ ಬ್ಯಾಂಡ್‌ನಲ್ಲಿ ಮುಗಿಯುತ್ತಿತ್ತು.’

ಸುಳ್ಳು ಒಂದು: ಮೂರು ಕಾಯಿಲೆಗೆ ಒಂದೇ ಮದ್ದು

ಮೂಲವ್ಯಾಧಿ ಬೇರೆ, ಫಿಶರ್ ಬೇರೆ, ಫಿಸ್ತುಲಾ ಬೇರೆ.

ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ದಿಂಬಿನಂಥ ಭಾಗಗಳು ಎಲ್ಲರಿಗೂ ಇರುತ್ತವೆ. ಅವು ಊದಿ, ಕೆಳಗೆ ಜಾರಿ, ರಕ್ತ ಬಂದರೆ ಅದು ಮೂಲವ್ಯಾಧಿ, ಪೈಲ್ಸ್. ಚರ್ಮ ಸೀಳಿ ಗಾಯವಾಗಿ, ಮಲವಿಸರ್ಜನೆ ಹೊತ್ತಿಗೆ ಗಾಜು ಕುಯ್ದಂತೆ ನೋವಾದರೆ ಅದು ಫಿಶರ್. ಒಳಗಿನಿಂದ ಹೊರಗಿನ ಚರ್ಮಕ್ಕೆ ಸುರಂಗದಂತೆ ದಾರಿಯಾಗಿ ಕೀವು ಸೋರಿದರೆ ಅದು ಫಿಸ್ತುಲಾ. ನಮ್ಮಲ್ಲಿ ಮೂರನ್ನೂ ‘ಮೂಲವ್ಯಾಧಿ’ ಅಂದುಬಿಡುತ್ತೇವೆ. ಅದು ಜನರ ತಪ್ಪಲ್ಲ, ಆಡುಮಾತು ಹಾಗಿದೆ. ಆದರೆ ಚಿಕಿತ್ಸೆ ಮಾಡುವವನು ಹಾಗೆ ಅಂದರೆ ತಪ್ಪು. ಕೆಮ್ಮು, ದಮ್ಮು, ಟಿಬಿ ಮೂರಕ್ಕೂ ಒಂದೇ ಮಾತ್ರೆ ಕೊಡುವವನನ್ನು ನಂಬುತ್ತೀರಾ?

ಮೂಲವ್ಯಾಧಿಯಲ್ಲೂ ನಾಲ್ಕು ಹಂತಗಳಿವೆ. ರಕ್ತ ಬರುತ್ತದೆ, ಗಡ್ಡೆ ಹೊರಗೆ ಬರುವುದಿಲ್ಲ, ಇದು ಒಂದನೇ ಹಂತ. ಮುಕ್ಕಿದಾಗ ಹೊರಬಂದು ತಾನೇ ಒಳಹೋಗುತ್ತದೆ, ಇದು ಎರಡು. ಕೈಯಿಂದ ಒಳತಳ್ಳಬೇಕು, ಇದು ಮೂರು. ತಳ್ಳಿದರೂ ಹೋಗುವುದಿಲ್ಲ, ಇದು ನಾಲ್ಕು. ಯಾವ ಚಿಕಿತ್ಸೆ ಎನ್ನುವುದು ಮುಖ್ಯವಾಗಿ ಇದರ ಮೇಲೆ ನಿಂತಿದೆ. ಇದು ಗೊತ್ತಾಗಬೇಕಾದರೆ ಡಾಕ್ಟರ್ ಬೆರಳಿನಿಂದ ಪರೀಕ್ಷೆ ಮಾಡಬೇಕು, ಪ್ರಾಕ್ಟೋಸ್ಕೋಪ್ ಅನ್ನುವ ಸಣ್ಣ ಕೊಳವೆ ಹಾಕಿ ಬೆಳಕು ಬಿಟ್ಟು ನೋಡಬೇಕು. ಕೆಲವೇ ನಿಮಿಷದ ಕೆಲಸ. ಫೋನಿನಲ್ಲಿ ರೇಟ್ ಹೇಳುವವನು ನಿಮ್ಮ ಹಂತವನ್ನು ಎಲ್ಲಿಂದ ನೋಡಿದ?

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ರಕ್ತ ಬಂದದ್ದೆಲ್ಲ ಮೂಲವ್ಯಾಧಿ ಅಲ್ಲ. ದೊಡ್ಡ ಕರುಳಿನ, ಗುದನಾಳದ ಕ್ಯಾನ್ಸರ್ ಕೂಡ ರಕ್ತದಿಂದಲೇ ಶುರುವಾಗಬಹುದು. ನಲವತ್ತು ದಾಟಿದವರು, ಮಲದ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದವರು, ತೂಕ ಇಳಿಯುತ್ತಿರುವವರು, ರಕ್ತಹೀನತೆ ಆದವರು, ಕಪ್ಪು ಮಲ ಹೋಗುವವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದವರು ‘ಪೈಲ್ಸ್ ಇರಬೇಕು ಬಿಡು’ ಅಂತ ಕೂರುವ ಹಾಗಿಲ್ಲ. ಕಂಬದ ನಂಬರ್ ನಂಬಿ ವರ್ಷ ಕಳೆದವರ ಪಾಲಿಗೆ ಕಳೆದುಹೋಗುವುದು ದುಡ್ಡು ಮಾತ್ರ ಅಲ್ಲ.

ಸುಳ್ಳು ಎರಡು: ಆಪರೇಷನ್ ಇಲ್ಲದೆ

ಈಗ ಒಂದೊಂದಾಗಿ ನೋಡೋಣ. ಕೊಯ್ಯದೆ, ಅಥವಾ ಕಡಿಮೆ ಕೊಯ್ದು ಮಾಡುವ ಚಿಕಿತ್ಸೆಗಳು ನಿಜವಾಗಿಯೂ ಇವೆ. ಅವೆಲ್ಲ ಮೋಸ ಅಂತ ನಾವು ಹೇಳುತ್ತಿಲ್ಲ. ಆದರೆ ಒಂದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಇದೆ.

ರಬ್ಬರ್ ಬ್ಯಾಂಡ್: ಊದಿದ ಭಾಗದ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ. ರಕ್ತ ನಿಂತು, ಒಣಗಿ, ಸಾಮಾನ್ಯವಾಗಿ ಐದರಿಂದ ಹತ್ತು ದಿನದೊಳಗೆ ಅದು ತಾನೇ ಉದುರುತ್ತದೆ. ಬ್ಯಾಂಡ್ ಹಾಕುವ ಆ ಒಳಭಾಗದಲ್ಲಿ ಚರ್ಮದಂಥ ನೋವಿನ ನರ ಇಲ್ಲ, ಹಾಗಾಗಿ ಅರಿವಳಿಕೆ ಬೇಡ, ಅಡ್ಮಿಟ್ ಆಗಬೇಕಿಲ್ಲ, ಹೊರರೋಗಿಯಾಗಿ ಬಂದು ಹೋಗಬಹುದು. ಒಂದನೇ ಮತ್ತು ಎರಡನೇ ಹಂತಕ್ಕೆ, ಮೂರನೇ ಹಂತದ ಕೆಲವರಿಗೂ ಆಗುತ್ತದೆ. ಮತ್ತೆ ಬಂದರೆ ಮತ್ತೆ ಹಾಕಬೇಕು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಹಾಕಿಸಿಕೊಂಡ ಮೇಲೆ ನೋವು ಏರುತ್ತ ಹೋದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ರಾತ್ರಿ ಅಂತಲೂ ನೋಡದೆ ಆಸ್ಪತ್ರೆಗೆ ಹೋಗಬೇಕು.

ಇಂಜೆಕ್ಷನ್: ಊದಿದ ಭಾಗ ಕುಗ್ಗುವಂಥ ಔಷಧಿಯನ್ನು ಅಳತೆ ನೋಡಿ, ಸರಿಯಾದ ಜಾಗಕ್ಕೆ ಕೊಡುವುದು. ಸಣ್ಣ ಹಂತಕ್ಕೆ ಒಪ್ಪಿತವಾದ ಹಳೆಯ ಚಿಕಿತ್ಸೆ. ತೊಂದರೆ ಇರುವುದು ಸೂಜಿಯಲ್ಲಲ್ಲ, ಕೈಯಲ್ಲಿ. ಜಾಗ ತಪ್ಪಿದರೆ, ಔಷಧಿ ತಪ್ಪಿದರೆ ಅಕ್ಕಪಕ್ಕದ ಮಾಂಸ ಕೊಳೆಯುತ್ತದೆ. ದೊಡ್ಡಪ್ಪನಿಗೆ ಆದದ್ದು ಅದೇ. ಆ ರೂಮಿನವನು ಈ ಚಿಕಿತ್ಸೆಯ ಹೆಸರನ್ನು ಕದ್ದಿದ್ದ, ವಿದ್ಯೆಯನ್ನಲ್ಲ.

ಇನ್ಫ್ರಾರೆಡ್: ಬಿಸಿಬೆಳಕಿನಿಂದ ಬುಡವನ್ನು ಸುಟ್ಟು ಕುಗ್ಗಿಸುವುದು. ಒಂದು, ಎರಡನೇ ಹಂತಕ್ಕೆ. ನೋವು ಕಡಿಮೆ, ಮತ್ತೆ ಬರುವುದು ಜಾಸ್ತಿ.

ಡಾಪ್ಲರ್: ರಕ್ತ ತರುವ ನಾಳವನ್ನು ಡಾಪ್ಲರ್ ಶಬ್ದದಿಂದ ಹುಡುಕಿ ಹೊಲಿದು ಕಟ್ಟುವುದು. 1995ರಲ್ಲಿ ಜಪಾನಿನ ವೈದ್ಯರು ಪ್ರಕಟಿಸಿದ ವಿಧಾನ. ಇದಕ್ಕೂ ಬ್ಯಾಂಡ್‌ಗೂ ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 372 ರೋಗಿಗಳನ್ನು ಇಟ್ಟುಕೊಂಡು ಹೋಲಿಕೆ ಮಾಡಿದರು. 2016ರಲ್ಲಿ ಫಲಿತಾಂಶ ಬಂತು. ವರ್ಷದೊಳಗೆ ಮತ್ತೆ ಬಂದದ್ದು ಬ್ಯಾಂಡ್ ಹಾಕಿಸಿಕೊಂಡವರಲ್ಲಿ 100ಕ್ಕೆ 49, ಡಾಪ್ಲರ್ ಮಾಡಿಸಿಕೊಂಡವರಲ್ಲಿ 30. ಬ್ಯಾಂಡ್ ಸೋತಿತು ಅನ್ನಬೇಡಿ, ತಾಳಿ. ಎರಡನೇ ಸಲ ಬ್ಯಾಂಡ್ ಹಾಕಿದ್ದನ್ನೂ ‘ಮತ್ತೆ ಬಂತು’ ಅಂತ ಲೆಕ್ಕ ಹಿಡಿದಿದ್ದರು. ಬೇಕಾದಾಗ ಮತ್ತೆ ಹಾಕಬಹುದು ಅಂತ ಒಪ್ಪಿದರೆ ಆ 49 ಇಳಿದು 37.5 ಆಯಿತು. ಡಾಪ್ಲರ್‌ನಲ್ಲಿ ನೋವು ಜಾಸ್ತಿ, ಖರ್ಚೂ ಜಾಸ್ತಿ. ಆ ದೇಶದ ಸರ್ಕಾರಿ ಆಸ್ಪತ್ರೆಗೇ ಅಷ್ಟು ಖರ್ಚು ಹಾಕುವುದು ಲಾಭವಲ್ಲ ಅನ್ನಿಸಿದ್ದು ನಮ್ಮ ಕೂಲಿಯವರಿಗೆ ಹೇಗೆ ಲಾಭ ಆಗುತ್ತದೆ?

ಸ್ಟೇಪ್ಲರ್: ಜಾರಿದ ಭಾಗವನ್ನು ಮೇಲಕ್ಕೆಳೆದು ಯಂತ್ರದಿಂದ ಪಿನ್ ಹೊಡೆದು ಕೂರಿಸುವುದು. ಇಟಲಿಯ ಲೋಂಗೊ 1998ರಲ್ಲಿ ಹೆಸರಿಗೆ ತಂದದ್ದು. ಆ ಯಂತ್ರ ಒಬ್ಬರಿಗೆ ಒಂದೇ ಸಲ, ಆದ್ದರಿಂದ ದುಬಾರಿ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 777 ರೋಗಿಗಳ ಮೇಲೆ ನಡೆದ ಹೋಲಿಕೆಯೂ 2016ರಲ್ಲೇ ಹೊರಬಂತು. ಮೊದಲ ವಾರಗಳಲ್ಲಿ ಸ್ಟೇಪ್ಲರ್‌ನವರಿಗೆ ನೋವು ಕಡಿಮೆ. ಆದರೆ ಎರಡು ವರ್ಷದ ಹೊತ್ತಿಗೆ ತೊಂದರೆ ಮತ್ತೆ ಬಂತು ಅಂದವರು ಸ್ಟೇಪ್ಲರ್ ಗುಂಪಿನಲ್ಲಿ 100ಕ್ಕೆ 42, ಕೊಯ್ದು ತೆಗೆಯುವ ಹಳೆಯ ಆಪರೇಷನ್ ಗುಂಪಿನಲ್ಲಿ 25.

ಲೇಸರ್: ತೆಳುವಾದ ತಂತಿಯಂಥ ನಾಳವನ್ನು ಊದಿದ ಭಾಗದ ಒಳಗೆ ತೂರಿಸಿ ಒಳಗಿನಿಂದ ಸುಟ್ಟು ಕುಗ್ಗಿಸುವುದು. ಮೊದಲ ದಿನಗಳ ನೋವು ಕೊಯ್ಯುವ ಆಪರೇಷನ್‌ಗಿಂತ ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು, ಇದು ನಿಜ. ದೊಡ್ಡ ಗಡ್ಡೆಗಳಲ್ಲಿ ಮತ್ತೆ ಬರುವುದು ಕೊಯ್ಯುವುದಕ್ಕಿಂತ ಜಾಸ್ತಿ, ಇದೂ ನಿಜ. ಆಪರೇಷನ್ ಥಿಯೇಟರ್ ಬೇಕು, ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಕೊಡುತ್ತಾರೆ. ಹಾಗಾದಮೇಲೆ ಅದು ಆಪರೇಷನ್ನೇ. ಕೆಲವು ಕಡೆ ಲೇಸರನ್ನು ಚಾಕುವಿನ ಬದಲು ಕೊಯ್ಯಲು ಮಾತ್ರ ಬಳಸಿ ಬೋರ್ಡಿನಲ್ಲಿ ‘ಲೇಸರ್’ ಅಂತ ಹಾಕುವುದೂ ಉಂಟು. ‘ಲೇಸರ್‌ನಲ್ಲಿ ಏನು ಮಾಡ್ತೀರ’ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನು ಕೊಯ್ದು ತೆಗೆಯುವ ಆಪರೇಷನ್. ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ್ದು. ಎರಡು ವಾರಕ್ಕೂ ಹೆಚ್ಚು ನೋವು ತಿನ್ನಬೇಕು. ಆದರೆ ದೊಡ್ಡ ಮೂರನೇ ಹಂತ, ನಾಲ್ಕನೇ ಹಂತಕ್ಕೆ ಇವತ್ತಿಗೂ ಮತ್ತೆ ಬರುವುದು ಕಡಿಮೆ ಇರುವುದು ಇದರಲ್ಲೇ. ಫ್ಲೆಕ್ಸ್‌ನವರು ಹೆದರಿಸುವ ‘ಹಳೇ ಆಪರೇಷನ್’ ಇದು.

ದಾರದ ಮಾತು

ನಮ್ಮ ಕಡೆ ಇದನ್ನು ಬಿಟ್ಟು ಬರೆದರೆ ಬರಹ ಪೂರ್ತಿ ಆಗುವುದಿಲ್ಲ. ಕ್ಷಾರಸೂತ್ರ. ಉತ್ತರಾಣಿಯ ಕ್ಷಾರ, ಕಳ್ಳಿ ಹಾಲು, ಅರಿಶಿನ ಸವರಿ ಒಣಗಿಸಿದ ದಾರ. ಸುಶ್ರುತ ಸಂಹಿತೆಯಲ್ಲಿ ಈ ಕಾಯಿಲೆಗೆ ಔಷಧಿ, ಕ್ಷಾರ, ಸುಡುವುದು, ಶಸ್ತ್ರ ಅಂತ ನಾಲ್ಕು ದಾರಿ ಹೇಳಿದೆ. ಅಂದರೆ ಅವತ್ತೇ ‘ಎಲ್ಲಕ್ಕೂ ಒಂದೇ’ ಅಂದಿರಲಿಲ್ಲ, ಹಂತ ನೋಡಿ ಅಂದಿದ್ದರು. ದಾರದ ಚಿಕಿತ್ಸೆಗೆ ಮತ್ತೆ ಜೀವ ಕೊಟ್ಟವರು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು. ಮುಖ್ಯವಾಗಿ ಫಿಸ್ತುಲಾಗೆ ಅದರ ಹೆಸರು ದೊಡ್ಡದು.

ನಮ್ಮ ಜಿಲ್ಲೆಯಲ್ಲೇ, ಹಾಸನದಲ್ಲಿ, ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ. ಶಲ್ಯತಂತ್ರ ಓದಿದ ವೈದ್ಯರು ಅಲ್ಲಿದ್ದಾರೆ. 2020ರ ನವೆಂಬರಿನಲ್ಲಿ ಕೇಂದ್ರದ ಅಧಿಸೂಚನೆ ಬಂದು, ಆಯುರ್ವೇದ ಸ್ನಾತಕೋತ್ತರ ಶಲ್ಯ ವೈದ್ಯರು ಮಾಡಬಹುದಾದ ಶಸ್ತ್ರಚಿಕಿತ್ಸೆಗಳ ಪಟ್ಟಿ ಹೊರಬಿತ್ತು, ಮೂಲವ್ಯಾಧಿಯದೂ ಅದರಲ್ಲಿದೆ. ಇಂಗ್ಲಿಷ್ ಔಷಧಿಯ ವೈದ್ಯರ ಸಂಘ ಆ ಡಿಸೆಂಬರ್ 11ರಂದು ಮುಷ್ಕರ ಮಾಡಿತು. ಆ ಜಗಳ ದೊಡ್ಡವರದು. ನಮ್ಮ ಮಾತು ಸಣ್ಣದು: ಓದಿದ ಆಯುರ್ವೇದ ವೈದ್ಯರು ಬೇರೆ, ‘ಆಯುರ್ವೇದ’ ಅಂತ ಬೋರ್ಡ್ ಹಾಕಿಕೊಂಡು ಲಾಡ್ಜಿನಲ್ಲಿ ಕ್ಯಾಂಪ್ ನಡೆಸುವವನು ಬೇರೆ. ಮೊದಲನೆಯವರು ಪರೀಕ್ಷೆ ಮಾಡುತ್ತಾರೆ, ಚೀಟಿ ಬರೆಯುತ್ತಾರೆ, ನಾಳೆಯೂ ಅದೇ ಜಾಗದಲ್ಲಿ ಸಿಗುತ್ತಾರೆ.

ಸುಳ್ಳು ಮೂರು: ಶಾಶ್ವತ

ಮೇಲಿನ ಅಂಕಿಗಳನ್ನು ಇನ್ನೊಂದು ಸಲ ನೋಡಿ. ಯಾವ ಚಿಕಿತ್ಸೆಯೂ ‘ಶಾಶ್ವತ’ ಅಂತ ಬರೆದುಕೊಡುವ ಹಾಗಿಲ್ಲ. ಯಾಕೆಂದರೆ ಕಾಯಿಲೆಯ ಬೇರು ಬಹಳ ಸಲ ಮಲಬದ್ಧತೆಯಲ್ಲಿ, ಮುಕ್ಕುವುದರಲ್ಲಿ ಇದೆ. ಅದನ್ನು ಯಾವ ಲೇಸರೂ ಸುಡುವುದಿಲ್ಲ.

ಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು ತಿನ್ನುತ್ತಿದ್ದ ತಾಲ್ಲೂಕು ನಮ್ಮದು. ಈಗ ಬೆಳಿಗ್ಗೆ ಬಿಳಿ ಅನ್ನದ ಚಿತ್ರಾನ್ನ, ಮಧ್ಯಾಹ್ನ ಬೇಕರಿ ಬನ್ನು, ಸಂಜೆ ಪರೋಟ. ಹೊಲಕ್ಕೆ ಹೋಗುವ ಹೆಂಗಸರು ಶೌಚಕ್ಕೆ ಜಾಗ ಇಲ್ಲ ಅಂತ ದಿನವಿಡೀ ನೀರು ಕುಡಿಯುವುದಿಲ್ಲ. ಹುಡುಗರು ಶೌಚಾಲಯದಲ್ಲಿ ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುತ್ತಾರೆ. ಈ ಬರಹವನ್ನೂ ಯಾರೋ ಅಲ್ಲೇ ಓದುತ್ತಿರಬಹುದು, ಎದ್ದುಬನ್ನಿ. ನೀರು, ನಾರಿನ ಆಹಾರ, ಬೇಕಾದರೆ ಇಸಬ್‌ಗೋಲ್ ಹೊಟ್ಟು, ಒಂದು ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದು: ಮೊದಲ ಹಂತದ ಬಹಳ ಜನರಿಗೆ ಇಷ್ಟರಲ್ಲೇ ಹಿಡಿತಕ್ಕೆ ಬರುತ್ತದೆ. ಇದನ್ನು ಹೇಳಿದರೆ ಯಾರ ಗಲ್ಲಾಪೆಟ್ಟಿಗೆಯೂ ತುಂಬುವುದಿಲ್ಲ, ಅದಕ್ಕೇ ಇದು ಫ್ಲೆಕ್ಸ್ ಮೇಲೆ ಬರುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಔಷಧಿಯೂ ಈ ಕಾಯಿಲೆಗಳನ್ನು ವಾಸಿ ಮಾಡುತ್ತದೆ ಅಂತ ಹೇಳಿಕೊಳ್ಳುವ ಹಾಗಿಲ್ಲ ಅನ್ನುವ ಪಟ್ಟಿ. ಮೂಲವ್ಯಾಧಿ ಮತ್ತು ಫಿಸ್ತುಲಾ ಅದರಲ್ಲಿವೆ.

‘ಸರ್ಕಾರಿ ಆಸ್ಪತ್ರೆಗೆ ಹೋಗಿ ನೋಡಿ ಗೊತ್ತಾಗುತ್ತೆ’

ಈ ಮಾತನ್ನು ಓದುಗರು ಹೇಳಿಯೇ ಹೇಳುತ್ತೀರಿ. ಒಪ್ಪುತ್ತೇವೆ. ಸಾಲು ಉದ್ದ. ಹತ್ತು ಜನರ ಮುಂದೆ ‘ಏನು ತೊಂದರೆ’ ಅಂತ ಜೋರಾಗಿ ಕೇಳುತ್ತಾರೆ. ಹೆಂಗಸರು ಬಾಯಿ ಬಿಡುವುದು ಹೇಗೆ? ಖಾಸಗಿ ಕ್ಲಿನಿಕ್‌ನಲ್ಲಿ ಎಸಿ ರೂಮು, ‘ಬನ್ನಿ ಅಮ್ಮ, ಕೂತ್ಕೊಳಿ’ ಅನ್ನುವ ಹುಡುಗಿ. ನಮ್ಮ ನಾಚಿಕೆಗೆ ಅಲ್ಲಿ ಮರ್ಯಾದೆ ಇದೆ, ಬಿಲ್ಲಿನಲ್ಲಿ ಅದಕ್ಕೂ ದುಡ್ಡು ಸೇರಿರುತ್ತದೆ. ಚೆನ್ನಾಗಿ ನೋಡಿ, ಬೇಕಾದ್ದನ್ನು ಮಾತ್ರ ಮಾಡುವ ಖಾಸಗಿ ಸರ್ಜನ್‌ಗಳೂ ಇದ್ದಾರೆ. ಅವರ ಮೇಲೆ ನಮ್ಮ ತಕರಾರಿಲ್ಲ. ಅವರೂ ಕಂಬಕ್ಕೆ ನಂಬರ್ ಅಂಟಿಸುವುದಿಲ್ಲ.

ಆದರೆ ಸಾಲ ಮಾಡುವ ಮೊದಲು ನಿಮ್ಮ ಕೈಯಲ್ಲಿರುವ ಕಾರ್ಡ್ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಇಂಥ ಸಾಮಾನ್ಯ ಆಪರೇಷನ್ ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಹೋಗಬೇಕು. ಡೇರಿಗೆ ಹಾಲು ಹಾಕುವವರು, ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಮಾಡಿಸಿದ್ದರೆ ಅದರಲ್ಲಿ ಏನೇನಿದೆ ಅಂತ ಸಂಘದ ಕಾರ್ಯದರ್ಶಿಯನ್ನು ಕೇಳಿ. ನಮ್ಮ ದೊಡ್ಡಪ್ಪನ ಮನೆಯ ಗೋಡೆಯಲ್ಲಿ ಕಾರ್ಡ್ ಇತ್ತು. ಕ್ಯಾಲೆಂಡರ್ ಹಿಂದೆ.

ನಮ್ಮ ತಪ್ಪು

ಈಗ ಹೇಳಬೇಕಾದ್ದು ಹೇಳುತ್ತೇವೆ. ದೊಡ್ಡಪ್ಪ ಫೋನ್ ಮಾಡಿದ ಆ ನಂಬರ್ ಅವರಿಗೆ ಸಿಕ್ಕಿದ್ದು ಕಂಬದ ಮೇಲಲ್ಲ. ಒಂದು ಪತ್ರಿಕೆಯ ಹಬ್ಬದ ಪುರವಣಿಯಲ್ಲಿ. ಆ ಜಾಹೀರಾತು ತಂದುಕೊಟ್ಟವರು ನಮ್ಮಲ್ಲೊಬ್ಬರು.

ತಾಲ್ಲೂಕು ಮಟ್ಟದ ವರದಿಗಾರರಿಗೆ ಸಂಬಳ ಅನ್ನುವುದು ಹೆಸರಿಗೆ. ಪುರವಣಿಗೆ ಇಷ್ಟು ಜಾಹೀರಾತು ತನ್ನಿ ಅಂತ ಗುರಿ ಕೊಡುತ್ತಾರೆ, ತಂದದ್ದರಲ್ಲಿ ಕಮಿಷನ್. ಪುಢಾರಿಗಳ ಶುಭಾಶಯ ಮುಗಿದ ಮೇಲೆ ಯಾರು ದುಡ್ಡು ಕೊಡುತ್ತಾರೋ ಅವರ ಬಳಿ ಹೋಗುತ್ತೇವೆ. ಡಿಗ್ರಿ ಕೇಳಿರಲಿಲ್ಲ. ನೋಂದಣಿ ಕೇಳಿರಲಿಲ್ಲ. ಕೇಳಿದ್ದು ಕಾಲು ಪುಟವೋ ಅರ್ಧ ಪುಟವೋ ಅಂತ. ‘ಅಚ್ಚಾಗಿದೆ ಅಂದ್ರೆ ಸತ್ಯ ಇರ್ಬೇಕು ಅಂದ್ಕಂಡೆ’ ಅಂದರು ದೊಡ್ಡಪ್ಪ, ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆವತ್ತಿನಿಂದ ನಮ್ಮ ತಂಡದಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ವೈದ್ಯರ ಹೆಸರು, ವಿದ್ಯಾರ್ಹತೆ, ಆಸ್ಪತ್ರೆಯ ನೋಂದಣಿ ಸಂಖ್ಯೆ ಇಲ್ಲದ ಚಿಕಿತ್ಸೆಯ ಜಾಹೀರಾತನ್ನು ನಾವು ತರುವುದಿಲ್ಲ. ಕಮಿಷನ್ ಕಡಿಮೆಯಾಗಿದೆ. ಆಗಲಿ. ಜಿಲ್ಲೆಯ ಉಳಿದ ವರದಿಗಾರ ಗೆಳೆಯರಿಗೂ ಕೈಮುಗಿದು ಕೇಳುತ್ತೇವೆ, ನೀವೂ ಮಾಡಿ.

ನಾವು ಕೇಳುವುದು ಇಷ್ಟೇ

ತಾಲ್ಲೂಕು ಆಸ್ಪತ್ರೆಗೆ: ವಾರದಲ್ಲಿ ಒಂದು ದಿನ, ಗೊತ್ತಾದ ಹೊತ್ತಿಗೆ, ಈ ಕಾಯಿಲೆಗೇ ಅಂತ ತಪಾಸಣೆ ಇಡಿ. ಒಂದು ಪ್ರಾಕ್ಟೋಸ್ಕೋಪ್, ಒಂದು ಬ್ಯಾಂಡ್ ಹಾಕುವ ಸಾಧನ, ಒಂದು ಪೊಟ್ಟಣ ರಬ್ಬರ್ ಉಂಗುರ, ಒಂದು ಪರದೆ, ಹೆಂಗಸರ ಜೊತೆ ನಿಲ್ಲಲು ಒಬ್ಬ ನರ್ಸ್. ಲೇಸರ್ ಯಂತ್ರ ಕೇಳುತ್ತಿಲ್ಲ ನಾವು. ಈಗಾಗಲೇ ಬ್ಯಾಂಡ್ ಹಾಕುತ್ತಿದ್ದರೆ ಬಾಗಿಲಲ್ಲಿ ಬೋರ್ಡ್ ಹಾಕಿ, ಜನಕ್ಕೆ ಗೊತ್ತಾಗಲಿ. ಹಾಕುತ್ತಿಲ್ಲ ಅಂದರೆ ಶುರು ಮಾಡಿ. ಬ್ಯಾಂಡ್‌ಗೋಸ್ಕರ ಕೂಲಿಯವರು 45 ಕಿಲೋಮೀಟರ್ ದೂರದ ಹಾಸನಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಬಾರದು.

ಜಿಲ್ಲಾಡಳಿತಕ್ಕೆ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವ ಹಾಗಿಲ್ಲ, ದರಪಟ್ಟಿ ಕಾಣುವಂತೆ ಹಾಕಬೇಕು. ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಕಂಬದ ಮೇಲೆ ನಂಬರ್ ಬಹಿರಂಗವಾಗಿಯೇ ಇದೆ. ಅದಕ್ಕೆ ಒಂದು ಫೋನ್ ಮಾಡಿದರೆ ರೂಮು ಸಿಗುತ್ತದೆ, ರೋಗಿಗಳಿಗೆ ಸಿಗುವ ಹಾಗೆ.

ಓದುಗರಿಗೆ: ನಾಲ್ಕು ಪ್ರಶ್ನೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನನಗೆ ಇರುವುದು ಯಾವ ಹಂತ? ಬ್ಯಾಂಡ್ ಸಾಲದು ಅಂದರೆ ಯಾಕೆ ಸಾಲದು? ಮತ್ತೆ ಬಂದರೆ ಏನು ಮಾಡುತ್ತೀರಿ? ಎಲ್ಲ ಸೇರಿ ಎಷ್ಟು, ಬಿಲ್ ಕೊಡುತ್ತೀರಾ? ಈ ನಾಲ್ಕಕ್ಕೆ ಉತ್ತರ ಕೊಡದವರ ಮುಂದೆ ಮಲಗಬೇಡಿ.

ಮತ್ತೆ ಮನೆಯಲ್ಲಿ ಅಪ್ಪನೋ ಅತ್ತೆಯೋ ಕೂರುವಾಗ ಒಂದು ಪಕ್ಕಕ್ಕೆ ವಾಲಿ ಕೂರುತ್ತಿದ್ದರೆ, ‘ಶಾಖ’ ಅಂತ ಹೇಳಿದರೆ, ಅಲ್ಲಿಗೆ ಬಿಡಬೇಡಿ. ಇನ್ನೊಂದು ಸಲ ಕೇಳಿ. ದೊಡ್ಡಪ್ಪನನ್ನು ಎರಡು ವರ್ಷ ಯಾರೂ ಕೇಳಿರಲಿಲ್ಲ.